ಕಡಿಮೆ ದುಡ್ಡಲ್ಲಿ ಗೇಮಿಂಗ್ ಪಿಸಿ: ನಾನು ಪಾರ್ಟ್ಸ್ ಆರಿಸಿದ್ದು ಹೀಗೆ

ಗೇಮಿಂಗ್ ಪಿಸಿ ಅಂದ ತಕ್ಷಣ ಎಲ್ಲರೂ ಮೊದಲು ಪ್ರೊಸೆಸರ್ ಹುಡುಕುತ್ತಾರೆ. ನಾನು ಮಾನಿಟರ್‌ನಿಂದ ಶುರು ಮಾಡಿದೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿ ಆದರೆ 36.9 ಲಕ್ಷ. ಅಂದರೆ ಗ್ರಾಫಿಕ್ಸ್ ಕಾರ್ಡಿಗೆ ಒಂದೊಂದು ಫ್ರೇಮಿನಲ್ಲೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುವರಿ ಕೆಲಸ. ನನ್ನ ಹತ್ತಿರ ಇದ್ದದ್ದು 1080ಪಿ, 144 ಹರ್ಟ್ಸ್ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಗುವ) ಮಾನಿಟರ್. ಅದಕ್ಕೆ ಸಾಕಾಗುವಷ್ಟು ಸಿಕ್ಕರೆ ಆಯ್ತು ಅಂದುಕೊಂಡೆ.

ಹಾಗಾಗಿ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ತಗೊಂಡಿದ್ದು ಆರ್‌ಎಕ್ಸ್ 6600, 8 ಜಿಬಿ. ಇದಕ್ಕಿಂತ ಅಗ್ಗಕ್ಕೆ 6500 ಎಕ್ಸ್‌ಟಿ ಇತ್ತು, ಆದರೆ ಅದರಲ್ಲಿ 4 ಜಿಬಿ ಮೆಮೊರಿ, ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ) ಬರೀ ನಾಲ್ಕು. ಈ ಎರಡೂ ಒಟ್ಟಿಗೆ ಸೇರಿದಾಗಲೇ ತೊಂದರೆ. ಕಾರ್ಡಿನ ಮೆಮೊರಿ ತುಂಬಿದರೆ ಟೆಕ್ಸ್ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ರ‍್ಯಾಮ್‌ನಿಂದ ಆ ನಾಲ್ಕು ಲೇನಿನಲ್ಲೇ ಬರಬೇಕು, ಅದೂ ಹಳೇ ಪಿಸಿಐಇ 3.0 ಇರುವ ಮದರ್‌ಬೋರ್ಡ್ ಆದರೆ ವೇಗ 4.0ರ ಅರ್ಧಕ್ಕೆ ಇಳಿಯುತ್ತದೆ, ಆಟ ತಡವರಿಸುತ್ತದೆ. 6600ಕ್ಕೆ ಎಂಟು ಲೇನ್ ಇದೆ, ಮೆಮೊರಿಯೂ ದುಪ್ಪಟ್ಟು.

ಪ್ರೊಸೆಸರ್‌ಗೆ ರೈಜನ್ 5 5600. ಆರು ಕೋರ್, ಜೊತೆಗೆ ಕೂಲರ್ ಬಾಕ್ಸ್‌ನಲ್ಲೇ ಬರುತ್ತದೆ. 5500 ಇನ್ನೂ ಅಗ್ಗ, ಹೆಸರು ನೋಡಿದರೆ ಒಂದು ಮೆಟ್ಟಿಲು ಕೆಳಗೆ ಅಷ್ಟೇ ಅನ್ನಿಸುತ್ತದೆ ಅಲ್ವಾ? ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ಅತಿ ವೇಗದ ಚಿಕ್ಕ ಮೆಮೊರಿ) 16 ಎಂಬಿ, 5600ರದ್ದು 32. ಮೇಲಾಗಿ 5500ರಲ್ಲಿ ಪಿಸಿಐಇ 3.0 ಮಾತ್ರ. ಆಟಗಳಿಗೆ ಕ್ಯಾಶ್ ಬೇಕೇ ಬೇಕು. ಎಎಂಡಿಯ ಹೊಸ ಪ್ರೊಸೆಸರ್‌ಗಳು ಕೂರುವ ಎಎಂ5 ಸಾಕೆಟ್‌ಗೆ ಹೋಗಲಿಲ್ಲ, ಅದು ಡಿಡಿಆರ್5 ರ‍್ಯಾಮ್ ಬಿಟ್ಟು ಬೇರೆ ಹಾಕಿಸಿಕೊಳ್ಳುವುದಿಲ್ಲ, ಬೋರ್ಡೂ ದುಬಾರಿ.

ಮದರ್‌ಬೋರ್ಡ್ ಸಾಧಾರಣ ಬಿ550 ಚಿಪ್‌ಸೆಟ್‌ನದ್ದು. 65 ವ್ಯಾಟ್ ಪ್ರೊಸೆಸರ್‌ಗೆ ಬೋರ್ಡ್ ಮೇಲೆ ದೊಡ್ಡ ಹೀಟ್‌ಸಿಂಕ್ (ಶಾಖ ಹೊರಹಾಕುವ ಲೋಹದ ತುಂಡು) ಸುಮ್ನೆ ಅಲಂಕಾರ. ಒಂದನ್ನು ಮಾತ್ರ ನೋಡಿಯೇ ತಗೊಂಡೆ: ಹಿಂಭಾಗದಲ್ಲಿ ಬಯೋಸ್ (ಬೋರ್ಡನ್ನು ಶುರು ಮಾಡುವ ಮೂಲ ಸಾಫ್ಟ್‌ವೇರ್) ಫ್ಲಾಶ್‌ಬ್ಯಾಕ್ ಬಟನ್. ಬಿ550 ಬಂದಿದ್ದು 2020ರಲ್ಲಿ, 5600 ಬಂದಿದ್ದು 2022ರಲ್ಲಿ. 5600 ಅನ್ನು ಗುರುತಿಸದ ಹಳೇ ಸ್ಟಾಕ್ ಬೋರ್ಡ್ ಕೈಗೆ ಬಂದರೂ ಪ್ರೊಸೆಸರ್ ಹಾಕದೆಯೇ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಏರಿಸಬಹುದು.

ಈಗ ಎಸ್‌ಎಂಪಿಎಸ್, ಅಂದರೆ ಇಡೀ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ. ಜನ ದುಡ್ಡು ಉಳಿಸಲು ಹೋಗುವುದು ಇಲ್ಲೇ, ನಾನು ಮಾತ್ರ ಒಪ್ಪಲಿಲ್ಲ. ಬಾಕ್ಸ್ ಮೇಲಿನ ದೊಡ್ಡ ಅಕ್ಷರ ಬಿಡಿ, ಪಕ್ಕಕ್ಕೆ ಅಂಟಿಸಿರುವ ಲೇಬಲ್‌ನಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪ್ ಅಂತಿದೆ ನೋಡಿ. 25 ಆಂಪ್ ಇದ್ದರೆ ಅಲ್ಲಿ ಸಿಗೋದು 300 ವ್ಯಾಟ್, ಹೊರಗೆ 500 ಅಂತ ಬರೆದಿದ್ದರೂ ಅಷ್ಟೇ. ಉಳಿದದ್ದನ್ನು 5 ಮತ್ತು 3.3 ವೋಲ್ಟ್‌ನಲ್ಲಿ ಲೆಕ್ಕ ತೋರಿಸಿರುತ್ತಾರೆ, ಆದರೆ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಳೆಯುವುದು ಬಹುಪಾಲು 12 ವೋಲ್ಟ್‌ನಿಂದಲೇ. ನಾನು ಆರಿಸಿದ 550 ವ್ಯಾಟ್‌ನದ್ದರಲ್ಲಿ 45 ಆಂಪ್ ಇತ್ತು. ಗುಣಿಸಿದರೆ 540. 80 ಪ್ಲಸ್ ಗುರುತು ದಕ್ಷತೆ ಮಾತ್ರ ಹೇಳುತ್ತದೆ, ಒಳಗಿನ ಗುಣಮಟ್ಟ ಅಲ್ಲ. 6600 ಎಳೆಯೋದು 132 ವ್ಯಾಟ್, ಇಷ್ಟೊಂದು ಯಾಕೆ ಅಂತ ಕೇಳಬಹುದು. ಕಾರ್ಡ್‌ಗಳು ಕ್ಷಣಮಾತ್ರ ಜಾಸ್ತಿ ಎಳೆಯುತ್ತವೆ, ಮತ್ತೆ ಮುಂದೆ ಕಾರ್ಡ್ ಬದಲಾಯಿಸುವ ಆಸೆ ಯಾರಿಗಿಲ್ಲ!

ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, 3200ರ ವೇಗದ್ದು. 16ರ ಒಂದೇ ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್ (ಎರಡು ಕಡ್ಡಿ ಏಕಕಾಲಕ್ಕೆ ಡೇಟಾ ಕೊಡುವುದು) ತಪ್ಪುತ್ತದೆ. ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಪಿಸಿಐಇ ಮೂಲಕ ಓಡುವ ವೇಗದ ಬಗೆ). ಅತಿ ವೇಗದ್ದಕ್ಕೆ ಹೆಚ್ಚು ದುಡ್ಡು ಕೊಡಲಿಲ್ಲ, ಹೆಚ್ಚಿನ ಆಟಗಳಲ್ಲಿ ಲೋಡಿಂಗ್ ಒಂದೆರಡು ಸೆಕೆಂಡ್ ಉಳಿಯಬಹುದು ಅಷ್ಟೇ. ಕ್ಯಾಬಿನೆಟ್ ಮುಂದೆ ಜಾಲರಿ ಇರುವುದು, ಗಾಜಿನದ್ದಲ್ಲ. ಬಣ್ಣದ ಲೈಟು ಬೇಕಿದ್ದವರು ಹಾಕಿಸಿಕೊಳ್ಳಲಿ, ನನಗೆ ಗಾಳಿ ಬೇಕು.

ಜೋಡಿಸಿದ ಮೇಲೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ರ‍್ಯಾಮ್ ಕೂತಿದೆಯಾ ನೋಡಿಕೊಂಡು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದೆ. ಇಲ್ಲದಿದ್ದರೆ ಅದೇ ಕಡ್ಡಿ 2133 ಅಥವಾ 2666ರಲ್ಲೇ ಓಡುತ್ತಿರುತ್ತದೆ, ಯಾರೂ ಹೇಳುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಭಾಗದಲ್ಲಿ ವೇಗ ಕಾಣಿಸುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು, 5600ರೊಳಗೆ ಗ್ರಾಫಿಕ್ಸ್ ಇಲ್ಲ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 60 ಹರ್ಟ್ಸ್ ಅಂತ ಇದ್ದದ್ದನ್ನು 144ಕ್ಕೆ ಬದಲಾಯಿಸಿದೆ.