ಡಾರ್ಲಿಂಗ್ಟನ್ ರೇಸು ನೋಡಲು ಒಂದು ಸ್ಟಾಪ್‌ವಾಚು, ಒಂದು ನೋಟ್‌ಬುಕ್ಕು

ಸ್ಟಾಕ್ ಕಾರ್ ರೇಸನ್ನು (ಮಾಮೂಲಿ ಕಾರಿನ ರೂಪದ ರೇಸ್ ಕಾರುಗಳ ಓಟ) ಹತ್ತು ನಿಮಿಷ ನೋಡಿ ಎದ್ದುಹೋದವರೆಲ್ಲ ಹೇಳುವುದು ಒಂದೇ: ‘ಕಾರುಗಳು ಎಡಕ್ಕೆ ತಿರುಗುತ್ತಲೇ ಇರುತ್ತವೆ, ಅದರಲ್ಲೇನಿದೆ?’ ಬರಿಗಣ್ಣಿಗೆ ಕಾಣುವುದು ಅಷ್ಟೇ, ನಿಜ. ಯಾರು ಗೆಲ್ಲುತ್ತಿದ್ದಾರೆ ಅನ್ನುವುದು ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಸಮಯ ಬರೆದುಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ. ಅದನ್ನು ಕಲಿಯಲು ಅಮೆರಿಕದ ದಕ್ಷಿಣ ಕೆರೊಲಿನಾದ ಡಾರ್ಲಿಂಗ್ಟನ್‌ಗಿಂತ ಒಳ್ಳೆಯ ಟ್ರ್ಯಾಕ್ ಇಲ್ಲ. ಟೈರನ್ನು ಇಷ್ಟು ಬೇಗ ತಿಂದುಹಾಕುವ ಟ್ರ್ಯಾಕ್‌ಗಳು ಕಡಿಮೆ. ಟೈರು ಸವೆದಂತೆ ಓಟದ ಲೆಕ್ಕವೆಲ್ಲ ಹೊರಗೆ ಬರುತ್ತದೆ.

ಇಲ್ಲಿನ ದೊಡ್ಡ ರೇಸು ಸದರ್ನ್ 500. ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಲೇಬರ್ ಡೇ. ಅದರ ಹಿಂದಿನ ಭಾನುವಾರ ಸಂಜೆ ಓಟ. ಅಲ್ಲಿ ಸಂಜೆ 6 ಗಂಟೆ ಅಂದರೆ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 3.30. ನಾಲ್ಕು ಗಂಟೆಯಾದರೂ ನಡೆಯುವ ಓಟ. ಭಾರತದಲ್ಲಿ ಕೂತು ನೋಡುವವರು ಆಫೀಸಿಗೆ ಹೊರಡುವ ಹೊತ್ತಿಗೆ ಮುಗಿಯುತ್ತದೆ.

ಮೊದಲು ಟ್ರ್ಯಾಕಿನ ಆಕಾರ ತಿಳಿಯಿರಿ

ಹೆರಾಲ್ಡ್ ಬ್ರಾಸಿಂಗ್ಟನ್ ಎಂಬಾತ ಹೊಲವೊಂದನ್ನು ಕೊಂಡು 1949ರಲ್ಲಿ ಇದನ್ನು ಕಟ್ಟಲು ಶುರುಮಾಡಿದ. ಜಮೀನು ಮಾರಿದವರದು ಒಂದೇ ಷರತ್ತು: ಪಕ್ಕದಲ್ಲಿದ್ದ ಸಣ್ಣ ಮೀನಿನ ಕೊಳವನ್ನು ಮುಟ್ಟಕೂಡದು. ಹಾಗಾಗಿ ಒಂದು ತುದಿಯ ತಿರುವನ್ನು ಬಿಗಿಯಾಗಿ ಒಳಕ್ಕೆ ಎಳೆಯಬೇಕಾಯಿತು. ಟ್ರ್ಯಾಕು ಮೊಟ್ಟೆಯ ಆಕಾರಕ್ಕೆ ಬಂತು. ಇಂದಿನ ಓಟದಲ್ಲೂ ಅರ್ಧ ತಲೆನೋವು ಆ ಕೊಳದ ಕೊಡುಗೆಯೇ.

ಈಗಿನ ಸುತ್ತಳತೆ 1.366 ಮೈಲಿ, ಸುಮಾರು 2.2 ಕಿಲೋಮೀಟರ್. ತಿರುವು 1 ಮತ್ತು 2 ಅಗಲ, ವಾಲು (ಹೊರಬದಿ ಎತ್ತರವಾಗಿರುವ ಇಳಿಜಾರು) 25 ಡಿಗ್ರಿ. ತಿರುವು 3 ಮತ್ತು 4 ಇಕ್ಕಟ್ಟು, ವಾಲು 23 ಡಿಗ್ರಿ. 1997ರಲ್ಲಿ ಆರಂಭದ ಗೆರೆಯನ್ನು ಎದುರು ಬದಿಗೆ ಸಾಗಿಸಿದ್ದರಿಂದ ತಿರುವಿನ ನಂಬರುಗಳು ಅದಲುಬದಲಾಗಿವೆ. ಹಳೆಯ ಓಟಗಳ ವಿವರ ಓದುವಾಗ ‘1ನೇ ತಿರುವು’ ಅಂದರೆ ಇಂದಿನ 3ನೆಯದು ಎಂದು ತಿಳಿಯಬೇಕು. ಇದನ್ನು ಮರೆತರೆ ಹಳೆಯ ವಿಡಿಯೋಗಳಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ.

ಎರಡು ತುದಿಗಳು ಬೇರೆಬೇರೆಯಾದ್ದರಿಂದ ಒಂದೇ ಕಾರನ್ನು ಎರಡಕ್ಕೂ ಹೊಂದಿಸಲು ಆಗುವುದಿಲ್ಲ. ಒಂದು ಕಡೆ ಚೆನ್ನಾಗಿ ತಿರುಗುವ ಕಾರು ಇನ್ನೊಂದು ಕಡೆ ಮೊಂಡು ಹಿಡಿಯುತ್ತದೆ. ಹಿಡಿತ ಸಿಗುವುದು ಮೇಲಿನ ಸಾಲಿನಲ್ಲಿ, ಗೋಡೆಗೆ ಅಂಗೈಯಷ್ಟು ದೂರದಲ್ಲಿ. ಅಲ್ಲಿ ಬಲಬದಿ ಉಜ್ಜಿ ಬಣ್ಣ ಹೋದರೆ ಅದಕ್ಕೆ ‘ಡಾರ್ಲಿಂಗ್ಟನ್ ಸ್ಟ್ರೈಪ್’ ಅನ್ನುತ್ತಾರೆ. ಬಣ್ಣ ಹೋದರೆ ಚಿಂತೆಯಿಲ್ಲ. ಬಲ ಹಿಂಚಕ್ರ ಗೋಡೆಗೆ ಬಡಿದರೆ ಮಾತ್ರ ಅದನ್ನು ನೇರ ಹಿಡಿದಿರುವ ಸಣ್ಣ ಸರಳು ಬಾಗುತ್ತದೆ. ಆಮೇಲೆ ಕಾರು ನೇರ ದಾರಿಯಲ್ಲೂ ಏಡಿಯಂತೆ ಓರೆಯಾಗಿ ಓಡುತ್ತದೆ.

ಬರೆಯುವುದು ಏನನ್ನು

ಮೂರು ಕಾರುಗಳನ್ನು ಆರಿಸಿ: ಮುಂದಿರುವುದು, ಹತ್ತನೆಯ ಸ್ಥಾನದಲ್ಲಿರುವುದು, ನಿಮಗೆ ಇಷ್ಟವಾದದ್ದು. ಇದಕ್ಕಿಂತ ಹೆಚ್ಚು ಕಾರು ಇಟ್ಟುಕೊಂಡರೆ ಕೈ ಸಾಲದು. ಪುಟದಲ್ಲಿ ನಾಲ್ಕು ಕಂಬ ಎಳೆಯಿರಿ: ಲ್ಯಾಪ್ ನಂಬರು, ಟೈರಿನ ವಯಸ್ಸು (ಟೈರು ಹಾಕಿ ಎಷ್ಟು ಲ್ಯಾಪಾಯಿತು), ಲ್ಯಾಪ್ ಸಮಯ, ಷರಾ. ಪ್ರತಿ ಐದು ಲ್ಯಾಪಿಗೊಮ್ಮೆ ಬರೆದರೆ ಸಾಕು. ಷರಾದಲ್ಲಿ ‘ಮುಂದೆ ಕಾರಿತ್ತು’, ‘ಗೋಡೆ ತಾಗಿತು’, ‘ಪಿಟ್’ (ಟೈರು, ಪೆಟ್ರೋಲಿಗೆಂದು ಬದಿಯ ದಾರಿಗೆ ಹೋಗಿ ನಿಂತದ್ದು) ಇಷ್ಟೇ.

ಹೊಸಬರು ಎಡವುವುದು ಇಲ್ಲಿ: ಬೇರೆಬೇರೆ ವಯಸ್ಸಿನ ಟೈರಿನ ಸಮಯಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುತ್ತಾರೆ. 10 ಲ್ಯಾಪ್ ಓಡಿದ ಟೈರಿನ ಕಾರು 30 ಲ್ಯಾಪ್ ಓಡಿದ ಟೈರಿನ ಕಾರಿಗಿಂತ ವೇಗವಾಗಿ ಹೋದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ವಯಸ್ಸಿನಲ್ಲಿ ಯಾರು ವೇಗ ಎಂಬುದನ್ನು ನೋಡಬೇಕು. ಎದುರಿಗೆ ಇನ್ನೊಂದು ಕಾರಿದ್ದಾಗಿನ ಸಮಯವನ್ನೂ ಬದಿಗಿಡಿ. ಮುಂದಿನ ಕಾರು ಕದಡಿದ ಗಾಳಿಯಲ್ಲಿ ಹಿಂದಿನದರ ಮೂತಿಗೆ ಒತ್ತಡ ಸಿಗದೆ ಅದು ತಿರುಗಲು ಒದ್ದಾಡುತ್ತದೆ. ಆ ಸಮಯ ಕಾರಿನ ನಿಜವಾದ ವೇಗವಲ್ಲ.

ಟೈರು ಹೇಗೆ ಸೋಲುತ್ತದೆ ಎಂಬುದಕ್ಕೆ ಲೆಕ್ಕದ ಸಲುವಾಗಿ ಒಂದು ಮಾದರಿ ಇಟ್ಟುಕೊಳ್ಳೋಣ. ನಿಜವಾದ ಅಂಕಿಗಳನ್ನು ಅಂದಿನ ಓಟದಲ್ಲಿ ನೀವೇ ತುಂಬಿ. ಹೊಸ ಟೈರಿನ ಮೊದಲ ಲ್ಯಾಪು 29.6 ಸೆಕೆಂಡು. 10ನೆಯದು 30.5, 20ನೆಯದು 31.2, 30ನೆಯದು 31.7, 40ನೆಯದು 32.1. ಮೊದಲ ಹತ್ತು ಲ್ಯಾಪಿನಲ್ಲೇ ಹೆಚ್ಚು ಕಳೆದುಹೋಗುತ್ತದೆ, ಆಮೇಲೆ ಇಳಿತ ನಿಧಾನ. ಈ ಆಕಾರವೇ ಮುಂದಿನ ಎಲ್ಲ ಲೆಕ್ಕದ ಬುನಾದಿ.

ಪಿಟ್ ಲೆಕ್ಕ

ಸದರ್ನ್ 500 ಅಂದರೆ 367 ಲ್ಯಾಪು, 501.3 ಮೈಲಿ. 115 ಮತ್ತು 230ನೇ ಲ್ಯಾಪಿನಲ್ಲಿ ಒಂದೊಂದು ಹಂತ ಮುಗಿದು ಹಳದಿ ಬಾವುಟ (ಎಲ್ಲರೂ ಸಾಲಿನಲ್ಲಿ ನಿಧಾನವಾಗಿ ಓಡಬೇಕೆಂಬ ಸೂಚನೆ) ಬರುತ್ತದೆ. ಹಂತದ ಕೊನೆಗೆ ಮೊದಲ ಹತ್ತು ಕಾರಿಗೆ 10ರಿಂದ 1ರವರೆಗೆ ಅಂಕ. ಕೊನೆಯ ಹಂತ 137 ಲ್ಯಾಪು. ಟ್ಯಾಂಕು 20 ಗ್ಯಾಲನ್ ಹಿಡಿಯುತ್ತದೆ. ಡಾರ್ಲಿಂಗ್ಟನ್‌ನಲ್ಲಿ ಪೆಟ್ರೋಲು ಮುಗಿಯುವ ಮೊದಲೇ ಟೈರು ಕೈಕೊಡುವುದರಿಂದ ಪಿಟ್ಟಿಗೆ ಬರುವ ಗಳಿಗೆಯನ್ನು ಟೈರೇ ಗೊತ್ತುಮಾಡುತ್ತದೆ.

ಮುಂದಿರುವ ‘ಅ’ ಕಾರಿನ ಹಿಂದೆ ‘ಬ’ ಇದೆ, ನಡುವೆ 5 ಸೆಕೆಂಡು ಅಂತರ ಎಂದಿಟ್ಟುಕೊಳ್ಳಿ. ‘ಬ’ 35ನೇ ಲ್ಯಾಪಿಗೆ ಟೈರು ಬದಲಿಸಿತು, ‘ಅ’ 40ಕ್ಕೆ. ನಡುವಿನ ಐದು ಲ್ಯಾಪಿನಲ್ಲಿ ‘ಬ’ ಸರಾಸರಿ 29.8, ‘ಅ’ ಸರಾಸರಿ 32. ಲ್ಯಾಪಿಗೆ 2.2 ಸೆಕೆಂಡಿನಂತೆ 11 ಸೆಕೆಂಡು. ‘ಅ’ ಪಿಟ್ಟಿನಿಂದ ಹೊರಬರುವ ಹೊತ್ತಿಗೆ ‘ಬ’ 6 ಸೆಕೆಂಡು ಮುಂದಿದೆ. ಟೀವಿಯಲ್ಲಿ ಇದು ಒಂದೇ ಸಲಕ್ಕೆ ನಡೆದ ಪವಾಡದಂತೆ ಕಾಣುತ್ತದೆ.

ಆದರೆ ಈ 11 ಸೆಕೆಂಡು ದಾನವಲ್ಲ, ಸಾಲ. ಇನ್ನು ಮುಂದೆ ‘ಅ’ನ ಟೈರು ಯಾವಾಗಲೂ ಐದು ಲ್ಯಾಪ್ ಹೊಸದು. ‘ಬ’ ತನ್ನ ಟೈರಿನಲ್ಲಿ 40 ಲ್ಯಾಪ್ ಓಡಿಬಿಟ್ಟರೆ ಅಷ್ಟೂ ಸೆಕೆಂಡು ‘ಅ’ನಿಗೆ ವಾಪಸು ಬಂದಿರುತ್ತದೆ. ಸಾಲ ತೀರಿಸದೇ ಉಳಿಯಬೇಕೆಂದರೆ ‘ಬ’ ಮುಂದಿನ ಸಲವೂ ಬೇಗ ಪಿಟ್ಟಿಗೆ ಬರಬೇಕು. ಇಲ್ಲವೇ ಮುಂದೆ ಖಾಲಿ ದಾರಿ ಇಟ್ಟುಕೊಂಡು ‘ಅ’ನನ್ನು ಕದಡಿದ ಗಾಳಿಯಲ್ಲಿ ಸಿಕ್ಕಿಸಬೇಕು. ಒಬ್ಬ ಬೇಗ ಬಂದ ಕೂಡಲೇ ಉಳಿದವರೂ ಎರಡು ಮೂರು ಲ್ಯಾಪಿನಲ್ಲಿ ಗುಂಪಾಗಿ ಪಿಟ್ಟಿಗೆ ನುಗ್ಗುವುದು ಇದೇ ಕಾರಣಕ್ಕೆ.

ಇನ್ನೊಂದು ಲೆಕ್ಕ ಕೊನೆಯ 137 ಲ್ಯಾಪಿನದು. ಎರಡು ಸಲ ನಿಂತರೆ ಸುಮಾರು 46 ಲ್ಯಾಪಿನ ಮೂರು ಕಂತು, ಮೂರು ಸಲ ನಿಂತರೆ ಸುಮಾರು 34 ಲ್ಯಾಪಿನ ನಾಲ್ಕು ಕಂತು. ಮೇಲಿನ ಮಾದರಿಯಲ್ಲಿ ಸರಾಸರಿ ಲ್ಯಾಪು ಕ್ರಮವಾಗಿ 31.2 ಮತ್ತು 30.9. ವ್ಯತ್ಯಾಸ 137 ಲ್ಯಾಪಿಗೆ 40 ಸೆಕೆಂಡಿನ ಆಸುಪಾಸು. ಹೆಚ್ಚಿನ ಒಂದು ನಿಲುಗಡೆಗೆ 30ರಿಂದ 35 ಸೆಕೆಂಡು ಹೋಗುತ್ತದೆ ಎಂದಿಟ್ಟುಕೊಂಡರೆ ಕಾಗದದ ಮೇಲೆ ಮೂರು ನಿಲುಗಡೆಗೇ ಜಯ. ಟ್ರ್ಯಾಕಿನ ಮೇಲೆ ಆ ಐದರಿಂದ ಹತ್ತು ಸೆಕೆಂಡನ್ನು ಎದುರಿಗಿರುವ ಕಾರುಗಳನ್ನು ದಾಟುವುದರಲ್ಲೇ ಕಳೆದುಕೊಳ್ಳಬಹುದು.

ಪಿಟ್ಟಿನಲ್ಲಿ ಗೋಡೆ ದಾಟಿ ಬರುವವರು ಐದು ಜನ: ಟೈರು ಬದಲಿಸುವ ಇಬ್ಬರು, ಟೈರು ಹೊರುವವ, ಜ್ಯಾಕ್‌ನವ, ಪೆಟ್ರೋಲಿನವ. 2022ರಿಂದ ಚಕ್ರಕ್ಕೆ ಐದು ನಟ್ಟಿನ ಬದಲು ನಡುವೆ ಒಂದೇ ದಪ್ಪ ನಟ್ಟು. ಕೆಲಸ ಬೇಗ, ಅಪಾಯವೂ ಜಾಸ್ತಿ: ಆ ಒಂದು ಸರಿಯಾಗಿ ಕೂರದಿದ್ದರೆ ಚಕ್ರವೇ ಕಳಚುತ್ತದೆ. ಕಾರಿನಲ್ಲಿ ನಮ್ಮ ಕಾರಿನಂಥ ವೇಗದ ಮುಳ್ಳಿಲ್ಲ. ಎಂಜಿನ್ನಿನ ಸುತ್ತು ನೋಡಿಕೊಂಡು ಪಿಟ್ ದಾರಿಯ ವೇಗ ಹಿಡಿಯಬೇಕು. ಮಿತಿ ಮೀರಿದರೆ ಹಸಿರು ಬಾವುಟದಲ್ಲಿ (ಪೂರ್ತಿ ವೇಗದ ಓಟ ನಡೆಯುವಾಗ) ಮತ್ತೊಮ್ಮೆ ಪಿಟ್ ದಾರಿ ಹಾದುಹೋಗುವ ಶಿಕ್ಷೆ, ಹಳದಿಯಲ್ಲಾದರೆ ಸಾಲಿನ ಕೊನೆಗೆ. ಮೂವತ್ತು ಲ್ಯಾಪಿನ ಗಳಿಕೆ ಅಲ್ಲಿಗೆ ನೀರುಪಾಲು.

ಹಳದಿ ಬಾವುಟ

ಎಲ್ಲ ಲೆಕ್ಕವನ್ನೂ ಕೆಡಿಸುವುದು ಇದು. ಬೇಗ ಪಿಟ್ಟಿಗೆ ಬಂದ ‘ಬ’ ಒಂದು ಲ್ಯಾಪು ಹಿಂದಿರುವಾಗ, ‘ಅ’ ಇನ್ನೂ ಪಿಟ್ಟಿಗೆ ಬಾರದಿರುವಾಗ ಯಾರಾದರೂ ಗೋಡೆಗೆ ಹೊಡೆದರೆ ‘ಬ’ ಸಿಕ್ಕಿಬಿದ್ದಂತೆ. ‘ಅ’ ಹಳದಿಯಲ್ಲಿ ನಿಧಾನವಾಗಿ ಓಡುವ ಸಾಲಿನಿಂದ ಪಿಟ್ಟಿಗೆ ಬಂದು ಸ್ಥಾನ ಉಳಿಸಿಕೊಳ್ಳುತ್ತದೆ. ‘ಬ’ನಿಗೆ ಉಳಿದ ದಾರಿ ಎರಡು. ಲ್ಯಾಪು ಕಳೆದುಕೊಂಡವರಲ್ಲಿ ಮೊದಲನೆಯ ಕಾರಾಗಿದ್ದರೆ ಆ ಲ್ಯಾಪು ಪುಕ್ಕಟೆ ವಾಪಸು. ಇಲ್ಲದಿದ್ದರೆ ಮುಂದಿನವರು ಪಿಟ್ಟಿಗೆ ಹೋದಾಗ ತಾನು ಹೋಗದೆ, ಸುತ್ತು ಹಾಕಿ ಸಾಲಿನ ಹಿಂದೆ ಸೇರಿಕೊಳ್ಳುವುದು. ಆಗ ಅದಕ್ಕೆ ಹೊಸ ಟೈರು ಸಿಗುವುದಿಲ್ಲ. ಹಳದಿ ಬಂದ ಕೂಡಲೇ ‘ಲೀಡ್ ಲ್ಯಾಪಿನಲ್ಲಿ (ಎಲ್ಲರಿಗಿಂತ ಮುಂದಿರುವ ಕಾರಿನ ಸುತ್ತಿನಲ್ಲೇ) ಎಷ್ಟು ಕಾರು’ ಎಂದು ಎಣಿಸಿ. ಮುಂದಿನ ಅರ್ಧ ಗಂಟೆಯ ಕಥೆ ಆ ಸಂಖ್ಯೆಯಲ್ಲಿದೆ.

ರೇಡಿಯೋದಲ್ಲಿ ಕೇಳಬೇಕಾದದ್ದು

ಚಾಲಕ ತನ್ನ ತಂಡದ ಜೊತೆ ರೇಡಿಯೋದಲ್ಲಿ ಆಡುವ ಮಾತಿನಲ್ಲಿ ಎರಡೇ ಪದ ಸಾಕು. ‘ಟೈಟ್’ ಅಂದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಗೋಡೆಯ ಕಡೆಗೆ ಹೋಗುತ್ತದೆ. ‘ಲೂಸ್’ ಅಂದರೆ ಬಾಲ ಜಾರುತ್ತದೆ. ಪಿಟ್ಟಿನಲ್ಲಿ ಇದಕ್ಕೆ ಮದ್ದು ಮುಖ್ಯವಾಗಿ ಎರಡು: ಟೈರಿನ ಗಾಳಿ, ಮತ್ತು ಹಿಂದಿನ ಗಾಜಿನ ರಂಧ್ರದಲ್ಲಿ ಉದ್ದನೆಯ ಪಾನಾ ತೂರಿಸಿ ಸ್ಪ್ರಿಂಗಿನ ಒತ್ತಡ ಬದಲಿಸುವುದು, ಅದೇ ‘ವೆಜ್’. ವೆಜ್ ಹೆಚ್ಚಿಸಿದರೆ ಕಾರು ಟೈಟ್ ಕಡೆಗೆ, ಬಲ ಹಿಂದಿನ ಟೈರಿಗೆ ಗಾಳಿ ಹೆಚ್ಚಿಸಿದರೆ ಸಾಮಾನ್ಯವಾಗಿ ಲೂಸ್ ಕಡೆಗೆ. ಬಿಸಿಲಿನಲ್ಲಿ ಶುರುವಾಗುವ ಓಟ ಕತ್ತಲಲ್ಲಿ ಮುಗಿಯುವುದನ್ನೂ ಮರೆಯಬೇಡಿ. ನೆಲ ತಣ್ಣಗಾದಂತೆ ಹಿಡಿತ ಹೆಚ್ಚಿ ಕಾರುಗಳು ಟೈಟಾಗುತ್ತವೆ. ಸಂಜೆ 6ಕ್ಕೆ ಲೂಸ್ ಎಂದು ಗೊಣಗುತ್ತಿದ್ದ ಚಾಲಕನ ಕಾರು ರಾತ್ರಿ 9ಕ್ಕೆ ತಾನಾಗಿಯೇ ಸರಿಹೋಗಬಹುದು. ಅವಸರದಲ್ಲಿ ಬಹಳ ಬದಲಾಯಿಸಿದ ತಂಡ ರಾತ್ರಿ ಪಶ್ಚಾತ್ತಾಪ ಪಡುತ್ತದೆ.

ಹಳೆಯ ಓಟಗಳನ್ನೂ ಇದೇ ಕಣ್ಣಿನಿಂದ

ಮೊದಲ ಸದರ್ನ್ 500 ನಡೆದದ್ದು 1950ರ ಸೆಪ್ಟೆಂಬರ್ 4ರಂದು. 75 ಕಾರು ಹೊರಟವು. ಗೆದ್ದದ್ದು 43ನೆಯ ಸ್ಥಾನದಿಂದ ಹೊರಟ ಜಾನಿ ಮ್ಯಾಂಟ್ಜ್, ನಿಧಾನವಾದ ಪುಟ್ಟ ಪ್ಲಿಮತ್ ಕಾರಿನಲ್ಲಿ. ಭಾರದ, ವೇಗದ ಕಾರುಗಳು ಟೈರು ಹರಿದುಕೊಂಡು ಮತ್ತೆ ಮತ್ತೆ ಪಿಟ್ಟಿಗೆ ಓಡುತ್ತಿದ್ದರೆ ಈತ ಲಾರಿಯ ಗಟ್ಟಿ ಟೈರು ಹಾಕಿಕೊಂಡು ಒಂದೇ ಲಯದಲ್ಲಿ ಓಡಿಸಿದ. ಓಟ ಆರು ಗಂಟೆಗೂ ಮೀರಿ ನಡೆಯಿತು. ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಅಂದೇ ಶುರುವಾಗಿತ್ತು.

ಅಂತರಗಳ ಎರಡು ತುದಿಯೂ ಇಲ್ಲೇ ಸಿಗುತ್ತವೆ. 1965ರಲ್ಲಿ ನೆಡ್ ಜ್ಯಾರೆಟ್ ಗೆದ್ದದ್ದು 14 ಲ್ಯಾಪಿನ ಅಂತರದಲ್ಲಿ. ಅದೇ ಓಟದಲ್ಲಿ ಕೇಲ್ ಯಾರ್ಬರೋನ ಕಾರು ಬೇಲಿ ಹಾರಿ ಟ್ರ್ಯಾಕಿನ ಹೊರಗೆ ಬಿತ್ತು. 2003ರ ಮಾರ್ಚಿನ ಇನ್ನೊಂದು ಓಟದಲ್ಲಿ ರಿಕಿ ಕ್ರೇವನ್ ಕರ್ಟ್ ಬುಶ್‌ನನ್ನು ಸೋಲಿಸಿದ್ದು 0.002 ಸೆಕೆಂಡಿನಲ್ಲಿ, ಇಬ್ಬರ ಕಾರೂ ಒಂದಕ್ಕೊಂದು ಅಂಟಿಕೊಂಡೇ ಗೆರೆ ದಾಟಿದವು. ಆ ಕೊನೆಯ ಲ್ಯಾಪುಗಳ ವಿಡಿಯೋ ನೋಡಿದರೆ ಸವೆದ ಟೈರು ಏನೆಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಲ್ಲಿ ಹೆಚ್ಚು ಸಲ ಗೆದ್ದವನು ಡೇವಿಡ್ ಪಿಯರ್ಸನ್, 10 ಬಾರಿ. ಡೇಲ್ ಅರ್ನ್‌ಹಾರ್ಟ್ 9.

ಅಲ್ಲಿಗೇ ಹೋಗುವವರಿಗೆ

ಶಾರ್ಲಟ್ ಕಡೆಯ ಕನ್ನಡಿಗರಿಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಓಟದ ದಿನ ಇನ್ನೊಂದು ಗಂಟೆ ಸೇರಿಸಿ. ಹತ್ತಿರದ ದೊಡ್ಡ ಊರು ಫ್ಲಾರೆನ್ಸ್. ಟಿಕೆಟು ಕೊಳ್ಳುವಾಗ ಆದಷ್ಟೂ ಮೇಲಿನ ಸಾಲು ಹಿಡಿಯಿರಿ. ಕೆಳಗೆ ಕೂತರೆ ತಂತಿಬೇಲಿಯ ಹಿಂದೆ ಬಣ್ಣಗಳು ಹಾದುಹೋಗುವುದು ಮಾತ್ರ ಕಾಣುತ್ತದೆ, ಎದುರು ಬದಿ ಕಾಣುವುದೇ ಇಲ್ಲ. ಗೋಡೆಗೆ ಉಜ್ಜುವುದನ್ನು ನೋಡಬೇಕೆಂದರೆ 4ನೇ ತಿರುವಿನ ಕಡೆ, ಪಿಟ್ ನೋಡಬೇಕೆಂದರೆ ಆರಂಭದ ಗೆರೆಯ ಹತ್ತಿರ.

ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಕಿವಿಗೆ ಫೋಮ್ ಪ್ಲಗ್ಗು, ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಕಡ್ಡಾಯ. ತಂಡಗಳ ರೇಡಿಯೋ ಕೇಳುವ ಸ್ಕ್ಯಾನರು ಅಲ್ಲೇ ಬಾಡಿಗೆಗೆ ಸಿಗುತ್ತದೆ. ಪ್ಲಗ್ಗಿನ ಮೇಲೆ ಹೆಡ್‌ಫೋನ್ ಹಾಕಿದರೂ ಮಾತು ಕೇಳುತ್ತದೆ. ಆ ದಿನಗಳಲ್ಲಿ ಅಲ್ಲಿ ಮಂಗಳೂರಿನ ಮೇ ತಿಂಗಳಂಥ ಸೆಕೆ. ಟೋಪಿ, ನೀರು ಇರಲಿ. ಚೀಲದ ಅಳತೆಗೆ ಮಿತಿಯಿದೆ, ಆ ವರ್ಷದ ನಿಯಮ ನೋಡಿಕೊಂಡೇ ಹೊರಡಿ. ಚಿತ್ರಾನ್ನ, ಚಪಾತಿ ಒಯ್ಯುವವರು ಗಟ್ಟಿ ಐಸ್ ಡಬ್ಬಿಯ ಬದಲು ಬಟ್ಟೆಯ ಚೀಲ ಆರಿಸಿ.

ಮಳೆ ಬಂದರೆ ಇಲ್ಲಿ ಓಡಿಸುವುದಿಲ್ಲ, ಟ್ರ್ಯಾಕು ಒಣಗುವವರೆಗೆ ಕಾಯುತ್ತಾರೆ. 367ರಲ್ಲಿ ಅರ್ಧ, ಅಂದರೆ 184 ಲ್ಯಾಪು ಆಗಿದ್ದರೆ ಓಟವನ್ನು ಅಲ್ಲಿಗೇ ಮುಗಿಸಿ ಮುಂದಿದ್ದವರನ್ನು ಗೆಲ್ಲಿಸಬಹುದು. ಆದ್ದರಿಂದ ಮೋಡ ಕವಿದ ಸಂಜೆ 150ನೇ ಲ್ಯಾಪಿನಿಂದಲೇ ತಂಡಗಳು ಟೈರಿನ ಲೆಕ್ಕ ಬದಿಗಿಟ್ಟು ಮುಂದಿನ ಸ್ಥಾನಕ್ಕೆ ಹಾತೊರೆಯುತ್ತವೆ. ಆಗ ನೋಟ್‌ಬುಕ್ ಮುಚ್ಚಿ ಆಕಾಶ ನೋಡಿ.