ಕಾಲಿನ ರಕ್ತನಾಳ ಕಿರಿದಾದವರು ಸಿಗರೇಟು ಬಿಡುವ ಕ್ರಮ

ಟೆನ್ಷನ್ ಆದಾಗ ಸಿಗರೇಟು ಸೇದಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರು ಬಹಳ. ದೇಹದೊಳಗೆ ಆಗುವುದು ತದ್ವಿರುದ್ಧ. ಹೊಗೆ ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಮುಟ್ಟುತ್ತದೆ. ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್, ನರತುದಿಗಳಿಂದ ನಾರ್‌ಅಡ್ರಿನಲಿನ್ ಸುರಿಯುತ್ತವೆ, ಕಾರ್ಟಿಸಾಲ್ ಕೂಡ ಏರುತ್ತದೆ; ಇವೆಲ್ಲ ಒತ್ತಡದ ಹಾರ್ಮೋನ್‌ಗಳು. ಎದೆಬಡಿತ ಹೆಚ್ಚಿ, ಕೈಕಾಲಿನ ರಕ್ತನಾಳ ಬಿಗಿಯುತ್ತದೆ. ಸುಮಾರು 2 ಗಂಟೆಗೆ ರಕ್ತದ ನಿಕೋಟಿನ್ ಅರ್ಧಕ್ಕಿಳಿದು ಚಡಪಡಿಕೆ ಶುರು. ಮುಂದಿನ ಸಿಗರೇಟು ತಣಿಸುವುದು ತಾನೇ ಹುಟ್ಟಿಸಿದ ಈ ಚಡಪಡಿಕೆಯನ್ನು.

ಕೊಬ್ಬು ಕಟ್ಟಿ ಮೊದಲೇ ಕಿರಿದಾದ ನಾಳಕ್ಕೆ ಈ ಬಿಗಿತ ದುಬಾರಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನೂ ಕಸಿಯುವುದರಿಂದ, ನಡೆಯುವಾಗ ಮೀನಖಂಡದ ನೋವು ಬೇಗ ಬರುತ್ತದೆ. ಬೀಡಿ ಸೇದುವ ಯುವಕರಲ್ಲಿ ಕಾಣುವ, ಕೈಕಾಲಿನ ರಕ್ತನಾಳ ಊದಿಕೊಂಡು ಮುಚ್ಚಿಹೋಗುವ ಬರ್ಗರ್ ಕಾಯಿಲೆಯಲ್ಲಂತೂ ‘ಕಡಿಮೆ ಮಾಡಿದ್ದೇನೆ’ ಎಂಬ ಮಾತು ನಡೆಯದು. ದಿನಕ್ಕೆ ಒಂದೆರಡು ಬೀಡಿಯೂ ರೋಗವನ್ನು ಜೀವಂತ ಇಡುತ್ತದೆ.

ಮೊದಲು ನಾಡಿ ನೋಡಿಕೊಳ್ಳಿ. ಇನ್ನೂ ಸೇದುತ್ತಿದ್ದರೆ, ಅದಕ್ಕೆ ಮುನ್ನ 5 ನಿಮಿಷ ಕುಳಿತು ಮಣಿಕಟ್ಟಿನಲ್ಲಿ ಪೂರ್ತಿ ಒಂದು ನಿಮಿಷ ಎಣಿಸಿ. ಸೇದಿ ಮುಗಿದೊಡನೆ ಮತ್ತೆ ಎಣಿಸಿ. 10–15 ಬಡಿತ ಏರಿದ್ದರೆ ಅಚ್ಚರಿಯಿಲ್ಲ. ಆ ಎರಡು ಸಂಖ್ಯೆ ಬರೆದಿಟ್ಟು, ಎರಡು ವಾರದೊಳಗೆ ಬಿಡುವ ದಿನ ಗೊತ್ತುಮಾಡಿ.

ನಿಕೋಟಿನ್ ಗಮ್ ಬಳಸುವ ಮುನ್ನ ವೈದ್ಯರನ್ನು ಕೇಳಿ. ಬರ್ಗರ್ ಇದ್ದರೆ ಅವರು ನಿಕೋಟಿನ್ ಇಲ್ಲದ ಮಾತ್ರೆಯನ್ನೇ ಸೂಚಿಸಬಹುದು. ಗಮ್ ಆದರೆ, ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿ.ಗ್ರಾಂನದು, ಉಳಿದವರಿಗೆ 2 ಮಿ.ಗ್ರಾಂನದು. ಹೆಚ್ಚಿನವರು ಎಡವುವುದು ಜಗಿಯುವುದರಲ್ಲಿ. ಚೂಯಿಂಗ್ ಗಮ್‌ನಂತೆ ಒಂದೇ ಸಮ ಜಗಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ. ‘ಗಮ್ ಕೆಲಸ ಮಾಡಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ನಿಧಾನ ಜಗಿಯಿರಿ, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಿ, ಚುರುಕು ಹೋದಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ನಿಂಬೆ ಪಾನಕ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೆಯಾಗದು.

ಕಾಫಿಯನ್ನು ಅರ್ಧಕ್ಕಿಳಿಸಿ. ಇದನ್ನು ಹೇಳುವವರು ಕಡಿಮೆ. ಹೊಗೆಯಿಂದಾಗಿ ಯಕೃತ್ತು ಕಾಫಿಯ ಉತ್ತೇಜಕವಾದ ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತಮೇಲೆ ಅದೇ ಎರಡು ಲೋಟ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು ಎದೆ ಡವಗುಟ್ಟಿಸಿ, ನಿದ್ದೆ ಕೆಡಿಸುತ್ತದೆ. ಸಿಗರೇಟು ಬಿಟ್ಟಿದ್ದೇ ತಪ್ಪಾಯಿತು ಎನಿಸುವುದು ಆಗಲೇ.

ಬಿಟ್ಟ ಮೊದಲ ಮೂರು ದಿನ ತೀರಾ ಕಷ್ಟ, ನಂತರ ಎರಡು–ನಾಲ್ಕು ವಾರದಲ್ಲಿ ಚಡಪಡಿಕೆ ಇಳಿಯುತ್ತದೆ. ಹಂಬಲ ಬಂದರೆ ಕೆಲವು ನಿಮಿಷ ಉಸಿರನ್ನು ನಿಧಾನ ಬಿಡಿ, ತಾನೇ ತಗ್ಗುತ್ತದೆ. ಉಚಿತ ಸಲಹೆಗೆ ರಾಷ್ಟ್ರೀಯ ಸಹಾಯವಾಣಿ 1800-11-2356.

ವೈದ್ಯರು ಒಪ್ಪಿದರೆ ವಾರಕ್ಕೆ 3 ದಿನ, 30–45 ನಿಮಿಷ ನಡೆಯಿರಿ: ನೋವು ಜೋರಾದಾಗ ನಿಂತು, ಕಡಿಮೆಯಾದಮೇಲೆ ಮುಂದುವರಿಸಿ. ಕನಿಷ್ಠ 12 ವಾರ ಬೇಕು. ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಬೆರಳು ಕಪ್ಪಾಗಿದ್ದರೆ ನಡಿಗೆ ನಿಲ್ಲಿಸಿ ಅಂದೇ ರಕ್ತನಾಳ ತಜ್ಞರಿಗೆ ತೋರಿಸಿ. ಕಾಲು ಹಠಾತ್ತನೆ ತಣ್ಣಗಾಗಿ ಬಿಳುಚಿದರೆ ಬೆಳಗಾಗಲಿ ಎಂದು ಕಾಯಬೇಡಿ, ನೇರ ತುರ್ತು ಘಟಕಕ್ಕೆ ಹೋಗಿ.