ಬಾಹ್ಯಾಕಾಶ ಗೇಮ್ ಕಟ್ಟುವವರು ಮೊದಲು ಗೆಲ್ಲಬೇಕಾದ್ದು ದೂರವನ್ನು

ಗ್ರಹ, ನೌಕೆ, ಬೆಳಕು ಇವನ್ನೆಲ್ಲ ಆಮೇಲೆ ಚೆಂದ ಮಾಡಬಹುದು. ಸ್ಥಾನದ ಲೆಕ್ಕವನ್ನು ಮಾತ್ರ ಆಮೇಲೆ ಬದಲಿಸಲು ಹೋದರೆ ಅರ್ಧ ಕೋಡ್ ಮತ್ತೆ ಬರೆಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಗೊಡಾಟ್ 4 ಎಂಬ ಗೇಮ್ ಎಂಜಿನ್ ಬಳಸಿ ಓಪನ್ ವರ್ಲ್ಡ್ ಗೇಮ್ ಕಟ್ಟುತ್ತಿರುವ ನಾವು ಶುರು ಮಾಡಿದ್ದು ಅಲ್ಲಿಂದಲೇ.

ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಟ್ಟುಕೊಳ್ಳುವ ರೂಪವೇ ಫ್ಲೋಟ್. 32 ಬಿಟ್ ಫ್ಲೋಟ್‌ನಲ್ಲಿ ನಂಬಬಹುದಾದದ್ದು ಸುಮಾರು 7 ಅಂಕಿ. ಯೂನಿಟ್ ಮೀಟರ್, ಮೆಜೆಸ್ಟಿಕ್ ಸೊನ್ನೆ ಎಂದಿಟ್ಟುಕೊಳ್ಳಿ. ನೇರ ಗೆರೆಯಲ್ಲಿ ಸುಮಾರು 130 ಕಿ.ಮೀ. ದೂರದ ಮೈಸೂರಿನಲ್ಲಿ ಒಂದು ವಸ್ತು 8 ಮಿ.ಮೀ.ಗಿಂತ ಸಣ್ಣ ಹೆಜ್ಜೆ ಇಡಲಾರದು. ಚಂದ್ರನ ದೂರದಲ್ಲಿ, ಅಂದರೆ 3,84,400 ಕಿ.ಮೀ.ಯಲ್ಲಿ, ಆ ಹೆಜ್ಜೆ 32 ಮೀಟರ್. ಸೂರ್ಯನ ದೂರದಲ್ಲಿ 16 ಕಿ.ಮೀ. ಕಾಕ್‌ಪಿಟ್ ಗಡಗಡ ನಡುಗುವುದು ಇದರಿಂದಲೇ. 64 ಬಿಟ್‌ನ ಫ್ಲೋಟ್ ಆದ ಡಬಲ್‌ನಲ್ಲಿ ಸೂರ್ಯನ ದೂರದಲ್ಲೂ ಹೆಜ್ಜೆ 0.03 ಮಿ.ಮೀ. ಮಾತ್ರ.

ಇಲ್ಲೊಂದು ಬಲೆ ಇದೆ. ಗೊಡಾಟ್‌ನ ಭಾಷೆಯಾದ ಜಿಡಿಸ್ಕ್ರಿಪ್ಟ್‌ನ ಬಿಡಿ ಫ್ಲೋಟ್ 64 ಬಿಟ್, ಆದರೆ ಸಾಮಾನ್ಯ ಬಿಲ್ಡ್‌ನಲ್ಲಿ x, y, z ಮೂರನ್ನೂ ಒಟ್ಟಿಗೆ ಇಡುವ ವೆಕ್ಟರ್3 32 ಬಿಟ್. ಎಂಜಿನ್ ಅನ್ನೇ ಡಬಲ್‌ನಲ್ಲಿ ಬಿಲ್ಡ್ ಮಾಡಬಹುದು. ಆಗ ಆಟಗಾರರಿಗೆ ಕೊಡುವ ಗೇಮ್ ತಯಾರಿಸಲು ಬೇಕಾದ ಎಕ್ಸ್‌ಪೋರ್ಟ್ ಟೆಂಪ್ಲೇಟ್‌ಗಳನ್ನೂ ಹಾಗೆಯೇ ಬಿಲ್ಡ್ ಮಾಡಿಕೊಳ್ಳಬೇಕು. ನಾವು ಮೂರು ಬಿಡಿ ಫ್ಲೋಟ್‌ಗಳಲ್ಲಿ ನಿಜವಾದ ಸ್ಥಾನ ಇಟ್ಟುಕೊಂಡೆವು. ನೌಕೆ ಮೂಲಬಿಂದುವಿನಿಂದ 4,096 ಮೀಟರ್ ದಾಟಿದೊಡನೆ ಇಡೀ ಲೋಕವನ್ನು ಹಿಂದಕ್ಕೆ ಎಳೆದು ನೌಕೆಯನ್ನು ಮತ್ತೆ ಸೊನ್ನೆಗೆ ತರುತ್ತೇವೆ. ಇದನ್ನು ಫಿಸಿಕ್ಸ್ ಟಿಕ್‌ನ (ಚಲನೆಯ ಲೆಕ್ಕದ ಒಂದು ಸುತ್ತು) ಆರಂಭದಲ್ಲೇ ಮಾಡಬೇಕು. ಹಾಗೆ ಎಳೆದಾಗ ಮುರಿಯುವುದು ಇವು: ಎಂಜಿನ್ ಹೊಗೆಯ ಕಣಗಳು ಉದ್ದ ಗೆರೆಯಾಗುತ್ತವೆ, ಟಿಕ್‌ಗಳ ನಡುವಿನ ಚಲನೆಯನ್ನು ನಯವಾಗಿಸುವ ಇಂಟರ್‌ಪೊಲೇಷನ್ ಹಳೆಯ ಜಾಗದಿಂದ ಹೊಸದಕ್ಕೆ ನೌಕೆಯನ್ನು ಎಳೆದಾಡುತ್ತದೆ, ಅದನ್ನು ರೀಸೆಟ್ ಮಾಡಬೇಕು, ವೇಗಕ್ಕೆ ತಕ್ಕಂತೆ ಸ್ವರ ಬದಲಿಸುವ ಡಾಪ್ಲರ್ ಧ್ವನಿ ಈ ಜಿಗಿತವನ್ನೇ ವೇಗವೆಂದು ತಿಳಿದು ಕಿರುಚುತ್ತದೆ, ವರ್ಲ್ಡ್ ಪೊಸಿಷನ್ ಓದುವ ಶೇಡರ್‌ನ (ಬಣ್ಣ ತುಂಬುವ ಪುಟ್ಟ ಪ್ರೋಗ್ರಾಮ್) ನಾಯ್ಸ್, ಅಂದರೆ ಯಾದೃಚ್ಛಿಕ ವಿನ್ಯಾಸ, ಹಾರಿಬೀಳುತ್ತದೆ. ಕೊನೆಯದಕ್ಕೆ ಲೋಕ ಸರಿದ ಒಟ್ಟು ದೂರವನ್ನು ನಾಯ್ಸ್ ಮರುಕಳಿಸುವ ಅಂತರದಿಂದ ಭಾಗಿಸಿ, ಉಳಿದ ಶೇಷವನ್ನು ಶೇಡರ್‌ಗೆ ಕೊಟ್ಟೆವು.

ನಮ್ಮ ಗೇಮ್‌ನ ಗ್ರಹದ ತ್ರಿಜ್ಯ 60 ಕಿ.ಮೀ., ನೆಲದ ಗುರುತ್ವ 9.8 ಮೀ./ಸೆ.². ನೆಲಮಟ್ಟದ ಕಕ್ಷಾವೇಗ 767 ಮೀ./ಸೆ., ಒಂದು ಸುತ್ತಿಗೆ ಸುಮಾರು 8 ನಿಮಿಷ. ನಿಜವಾದ ಭೂಮಿಯ ಅಳತೆಯಾದರೆ ಒಂದು ಸುತ್ತಿಗೆ ಸುಮಾರು 84 ನಿಮಿಷ. ಆಡುವವರು ಅಷ್ಟು ಕಾಯುವುದಿಲ್ಲ. ಪ್ರತಿ ಟಿಕ್‌ನಲ್ಲೂ ಹಳೆಯ ವೇಗದಿಂದ ಸ್ಥಾನವನ್ನೂ ಹಳೆಯ ಸ್ಥಾನದ ಗುರುತ್ವದಿಂದ ವೇಗವನ್ನೂ ಲೆಕ್ಕ ಹಾಕಿದರೆ ಕಕ್ಷೆ ಸುತ್ತು ಸುತ್ತಿಗೂ ಹಿಗ್ಗುತ್ತದೆ. ವೇಗವನ್ನು ಮೊದಲು ತಿದ್ದಿ, ಆ ಹೊಸ ವೇಗದಿಂದ ಸ್ಥಾನ ತಿದ್ದಿ. ಆಟದ ಕಾಲವನ್ನು ಬೇಗ ಬೇಗ ಓಡಿಸುವಾಗ ಅದೂ ಸಾಲದು, ಯಾವ ಹೊತ್ತಿಗೆ ನೌಕೆ ಕಕ್ಷೆಯಲ್ಲಿ ಎಲ್ಲಿರುತ್ತದೆ ಎಂದು ತಿಳಿಸುವ ಕೆಪ್ಲರ್ ಸಮೀಕರಣಕ್ಕೇ ಹೋಗಬೇಕು. ಈ ವೇಗದಲ್ಲಿ ನೌಕೆ ಸೆಕೆಂಡಿಗೆ 60 ಟಿಕ್ ಇದ್ದಾಗ ಪ್ರತಿ ಟಿಕ್‌ಗೆ ಸುಮಾರು 13 ಮೀಟರ್ ಜಿಗಿಯುವುದರಿಂದ ತೆಳುಗೋಡೆಗಳನ್ನು ತೂರಿಹೋಗುತ್ತದೆ. ಹಿಂದಿನ ಜಾಗದಿಂದ ಹೊಸ ಜಾಗಕ್ಕೆ ಪ್ರತಿ ಟಿಕ್‌ನಲ್ಲೂ ರೇಕಾಸ್ಟ್ (ನಡುವೆ ಏನಾದರೂ ಅಡ್ಡ ಬಂತೇ ಎಂದು ನೋಡುವ ಗೆರೆ) ಹಾಕಿ.

ನೆಲಕ್ಕೆ ಘನದ 6 ಮುಖಗಳನ್ನು ಗೋಳವಾಗಿ ಉಬ್ಬಿಸಿ, ಪ್ರತಿ ಮುಖಕ್ಕೂ ಕ್ವಾಡ್‌ಟ್ರೀ, ಅಂದರೆ ಪ್ರತಿ ಮಟ್ಟದಲ್ಲೂ ಚೌಕವನ್ನು ನಾಲ್ಕಾಗಿ ಒಡೆಯುವ ವಿಧಾನ. ಹಾಗೆ ಒಡೆದ ತುಂಡೇ ಚಂಕ್. ಒಂದು ಚಂಕ್‌ಗೆ 33×33 ಶೃಂಗಗಳು (ನೆಲದ ಜಾಲದ ಬಿಂದುಗಳು). 12ನೇ ಮಟ್ಟದಲ್ಲಿ ಚಂಕ್ ಸುಮಾರು 23 ಮೀಟರ್, ಶೃಂಗಗಳ ನಡುವೆ 0.7 ಮೀಟರ್. ಬೇರೆ ಬೇರೆ ಮಟ್ಟದ ಚಂಕ್‌ಗಳು ಕೂಡುವಲ್ಲಿ ಬಿರುಕು ಕಾಣುತ್ತದೆ. ಅಂಚಿಗೆ ಕೆಳಮುಖವಾಗಿ ಒಂದು ಪಟ್ಟಿ ಇಳಿಬಿಟ್ಟರೆ ಸಾಕು.

ನಕ್ಷತ್ರಗಳನ್ನು ಸೇವ್ ಮಾಡಬೇಡಿ. ಆಕಾಶವನ್ನು ಸೆಕ್ಟರ್‌ಗಳಾಗಿ ಹಂಚಿ, ಸೆಕ್ಟರ್‌ನ ಸ್ಥಾನದ ಮೂರು ಪೂರ್ಣಾಂಕಗಳನ್ನು ಹ್ಯಾಶ್ ಮಾಡಿ (ಕಲಸಿ ಒಂದೇ ಸಂಖ್ಯೆಯಾಗಿಸಿ) ಸೀಡ್ ಪಡೆಯಿರಿ, ಅದೇ ಸೀಡ್ ಪ್ರತಿ ಸಲವೂ ಅವೇ ನಕ್ಷತ್ರಗಳನ್ನು ಹುಟ್ಟಿಸುತ್ತದೆ, ಆಟಗಾರ ಬದಲಿಸಿದ್ದನ್ನಷ್ಟೇ ಬರೆದಿಡಿ. 1984ರ ಎಲೀಟ್ ಎಂಬ ಗೇಮ್ 8 ಗ್ಯಾಲಕ್ಸಿಗಳಲ್ಲಿ ತಲಾ 256 ನಕ್ಷತ್ರಗಳನ್ನು ಸೀಡ್‌ನಿಂದಲೇ ಹುಟ್ಟಿಸಿತ್ತು. ಸೇವ್ ಫೈಲ್‌ನಲ್ಲಿ ಜನರೇಟರ್‌ನ (ಸೀಡ್‌ನಿಂದ ಲೋಕ ಹುಟ್ಟಿಸುವ ಕೋಡ್) ಆವೃತ್ತಿ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಆಟಗಾರ ಕಟ್ಟಿದ ನೆಲೆ ಬೆಟ್ಟದೊಳಗೆ ಹೂತುಹೋಗುತ್ತದೆ.

ಪರದೆಯ ಮೇಲೆ ಕನ್ನಡ ಬೇಕೇ ಬೇಕು ಎಂದು ನಾವು ಹಟ ಹಿಡಿದೆವು. ನೋಟೊ ಸಾನ್ಸ್ ಕನ್ನಡ ಫಾಂಟ್ ಚೆನ್ನಾಗಿ ಕೂರುತ್ತದೆ, ಆದರೆ ಬಟನ್‌ನ ಎತ್ತರ ಇಂಗ್ಲಿಷ್‌ಗೆ ಅಳೆದದ್ದಾದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಅಕ್ಷರ ಒಂದೊಂದಾಗಿ ಮೂಡುವ ಪರಿಣಾಮ ಕೊಟ್ಟಾಗ ‘ನಕ್ಷತ್ರ’ದ 7 ಕೋಡ್‌ಪಾಯಿಂಟ್‌ಗಳು (ಕಂಪ್ಯೂಟರ್ ಎಣಿಸುವ ಅಕ್ಷರದ ಬಿಡಿಭಾಗಗಳು) ಬಿಡಿಬಿಡಿಯಾಗಿ ಬಂದು, ನಡುವೆ ಅರ್ಧಾಕ್ಷರಗಳು ಮಿಂಚಿ ಮರೆಯಾಗುತ್ತವೆ. ಲೇಬಲ್‌ನ ಸೆಟ್ಟಿಂಗ್‌ನಲ್ಲಿ ಅಕ್ಷರ ಎಣಿಕೆಯನ್ನು ಶೇಪಿಂಗ್ (ಬಿಡಿಭಾಗಗಳು ಕೂಡಿ ಅಕ್ಷರವಾಗುವುದು) ಆದ ಮೇಲಿನದಕ್ಕೆ ಬದಲಿಸಿ.